ಉಂಗುರವಿಲ್ಲದ ಕ್ವಾರ್ಟರ್‌ಬ್ಯಾಕ್‌ಗಳು

ಪುಕೆಕೊಹೆ
ಸೋಮವಾರ, ೮ ಸೆಪ್ಟೆಂಬರ್ ೨೦೨೫

ಚಿ. ತಾರಾಗೆ ಮಾವನ ಆಶೀರ್ವಾದಗಳು.

ಗೆದ್ದೆವು ಕಣೇ! ಒಂದೇ ಒಂದು ಪಾಯಿಂಟಿನಲ್ಲಿ ಗೆದ್ದೆವು! ಅಮೆರಿಕದ ಭಾನುವಾರ ರಾತ್ರಿಯ ಫುಟ್‌ಬಾಲ್ ಆಟ ಆಕ್ಲೆಂಡ್ ಕಡೆಯ ನಮಗೆ ಸೋಮವಾರ ಮಧ್ಯಾಹ್ನಕ್ಕೆ ಬೀಳುತ್ತದಲ್ಲ, ಈರುಳ್ಳಿ ಪ್ಯಾಕ್‌ಹೌಸಿನಲ್ಲಿ ಹಲ್ಲುನೋವು ಎಂದು ಹೇಳಿ ಮನೆಗೆ ಬಂದು ಟೀವಿ ಮುಂದೆ ಕೂತುಬಿಟ್ಟೆ. ಕೊನೆಯ ಕಾಲುಭಾಗದಲ್ಲಿ ಹದಿನೈದು ಪಾಯಿಂಟ್ ಹಿಂದಿದ್ದ ನನ್ನ ಬಫಲೋ ತಂಡ ಎದ್ದು ಬಂದು ಬಾಲ್ಟಿಮೋರನ್ನು ಹೊಡೆಯಿತು. ನಿಮ್ಮತ್ತೆ ಕಾಮಾಕ್ಷಿ "ಐವತ್ತೇಳು ವರ್ಷದ ಗಂಡಸು ಹೀಗೆ ಕಿರುಚಿದ್ರೆ ಪಕ್ಕದ ಮನೆಯವ್ರು ಪೊಲೀಸ್ ಕರೀತಾರೆ ಅಷ್ಟೆ" ಎಂದು ಕಿಟಕಿ ಮುಚ್ಚಿದಳು.

ಆದರೆ ನೋಡು, ಎರಡೂ ಕಡೆ ಚೆಂಡೆಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್‌ಗಳು ಲೋಕದಲ್ಲೇ ಅಗ್ರಗಣ್ಯರು. ಇಬ್ಬರ ಬೆರಳಲ್ಲೂ ಉಂಗುರವಿಲ್ಲ. ಚಾಂಪಿಯನ್ ಆದ ತಂಡದವರಿಗೆ ಉಂಗುರ ತೊಡಿಸುವ ಆಟದಲ್ಲಿ ಇಂಥ ಮಹಾರಾಜರು ಬರಿಗೈಯಲ್ಲಿ ಓಡಾಡುತ್ತಿದ್ದಾರೆ. ಹಿಂದೆ ಮರೀನೊ ಎಂಬ ಮಹಾನುಭಾವ ಎಲ್ಲ ದಾಖಲೆ ಮುರಿದ, ಒಂದೇ ಒಂದು ಸಲ ಫೈನಲ್ ತಲುಪಿದ, ಸೋತ, ಮತ್ತೆ ಆ ಕಡೆ ತಲೆ ಹಾಕಲಿಲ್ಲ. ನಾನು ಬಫಲೋದಲ್ಲಿ ಓದುತ್ತ, ಮೊದಲ ಕೆಲಸ ಮಾಡುತ್ತ ಇದ್ದಾಗ ನಮ್ಮ ಕ್ವಾರ್ಟರ್‌ಬ್ಯಾಕ್ ಕೆಲ್ಲಿ ಸಾಲಾಗಿ ನಾಲ್ಕು ಫೈನಲ್ ಸೋತದ್ದನ್ನು ನೋಡಿ ಹೊಟ್ಟೆ ಉರಿಸಿಕೊಂಡವನು. ಕ್ರಿಕೆಟ್ಟಿನಲ್ಲಿ ಬೆಂಗಳೂರಿನವರಿಗೆ ಹದಿನೆಂಟನೇ ವರ್ಷಕ್ಕಾದರೂ ಕಪ್ ಬಂತು. ನನಗೆ ಇನ್ನೂ ಇಲ್ಲ.

ನನ್ನ ಸಿದ್ಧಾಂತ ನಿನಗೆ ಗೊತ್ತೇ ಇದೆ. ಎಸೆಯುವವನು ಚಿನ್ನವಾದರೆ ಸಾಲದು, ಹಿಡಿಯುವವರು ತೂತು ಚೀಲವಾಗಬಾರದು. ನಿನ್ನದೂ ಅದೇ ಕತೆ. ಈ ಸೀಮೆಯ ಹೆಂಗಸರ ಫ್ಲ್ಯಾಗ್ ಫುಟ್‌ಬಾಲಿನಲ್ಲಿ ನಿನ್ನಷ್ಟು ಚೆನ್ನಾಗಿ ಎಸೆಯುವವಳು ಯಾರಿದ್ದಾಳೆ ಹೇಳು? ಎರಡು ವರ್ಷ ಫೈನಲ್, ಎರಡು ವರ್ಷವೂ ಸೋಲು. ಈ ಸಲದ ಫೈನಲ್ಲಿಗೆ, ೨೭ಕ್ಕೆ, ನಾನೇ ಟೌರಂಗಾಕ್ಕೆ ಬಂದು ಕೂರುತ್ತೇನೆ.

ಉತ್ತರ ಬರೆ. ಹತ್ತು ವರ್ಷದವಳು ಈ ದೇಶಕ್ಕೆ ಬಂದಾಗ ನಿನಗೆ ಕನ್ನಡ ಮರೆತುಹೋಗುತ್ತದೆಂದು ನಿಮ್ಮಮ್ಮ ಅಳುತ್ತಿದ್ದಳು. ಆಟದ ಆಸೆ ತೋರಿಸಿ ಪತ್ರ ಬರೆಸಿದವನು ನಾನು. ಈಗ ಈಮೇಲ್ ಆದರೂ ಆ ಪದ್ಧತಿ ತಪ್ಪಿಸಬೇಡ.

ನಿನ್ನ ಮಾವ
ವಾಸುದೇವ


ಟೌರಂಗಾ
ಭಾನುವಾರ, ೧೪ ಸೆಪ್ಟೆಂಬರ್ ೨೦೨೫

ಪ್ರೀತಿಯ ಮಾವ,

ಹಲ್ಲುನೋವು ಹೇಗಿದೆ? ನಿಮ್ಮ ಬಾಯಲ್ಲಿ ಎಷ್ಟು ಹಲ್ಲು ಉಳಿದಿವೆ ಎಂದು ಪ್ಯಾಕ್‌ಹೌಸಿನವರು ಒಂದು ದಿನ ಎಣಿಸುತ್ತಾರೆ, ಹುಷಾರು.

ಆಸ್ಪತ್ರೆಯಲ್ಲಿ ಫಿಸಿಯೋ ಕೆಲಸ ಮುಗಿಸಿ ವಾರಕ್ಕೆ ಮೂರು ಸಂಜೆ ಪ್ರಾಕ್ಟೀಸ್. ಸೊಂಟದ ಪಟ್ಟಿ ಕಿತ್ತರೆ ಆಟ ನಿಲ್ಲಬೇಕು, ಯಾರೂ ಯಾರ ಮೈಮೇಲೂ ಬೀಳುವ ಹಾಗಿಲ್ಲ ಎಂದು ಅತ್ತೆಗೆ ಇನ್ನೊಮ್ಮೆ ಹೇಳಿ. ಅವರು ಈಗಲೂ ನನ್ನ ಮೂಗು ಮುರಿಯುತ್ತದೆ ಎಂದೇ ಫೋನ್ ಮಾಡುತ್ತಾರೆ.

ನಮ್ಮ ಪೆಟ್ರೆಲ್ಸ್ ತಂಡ ಈ ವರ್ಷ ಚೆನ್ನಾಗಿದೆ. ಅದರಲ್ಲೂ ನಾನು ಎಸೆದದ್ದನ್ನು ಹಿಡಿಯುವ ನಿಧಿ. ಓಡಿದರೆ ಗಾಳಿ ಕೂಡ ಹಿಂದೆ ಬೀಳುತ್ತದೆ. ಅವಳ ಅಮ್ಮ ಶ್ರೀಲಕ್ಷ್ಮಿ ಆಂಟಿ ಬೆಂಗಳೂರಿನವರು, ಕಿವಿಹಣ್ಣಿನ ಲ್ಯಾಬಿನಲ್ಲಿ ಕೆಲಸ. ನಿಧಿ ಮಾತ್ರ ಇಲ್ಲೇ ಹುಟ್ಟಿದವಳು, ಅವಳ ಬಾಯಲ್ಲಿ ಇದುವರೆಗೆ ಒಂದೂ ಕನ್ನಡ ಪದ ಕೇಳಿಲ್ಲ. ನಾನು "ಪ್ಲಾಸ್ಟಿಕ್ ಕನ್ನಡತಿ" ಎಂದು ರೇಗಿಸುತ್ತೇನೆ, ನಗುತ್ತಾಳೆ.

ಒಂದು ಗುಟ್ಟು. ನವೆಂಬರಿನಲ್ಲಿ ಆಕ್ಲೆಂಡಿನಲ್ಲಿ ದೇಶದ ತಂಡದ ಆಯ್ಕೆಗೆ ಕ್ಯಾಂಪ್ ಇದೆ. ನಮ್ಮ ಕ್ಲಬ್ಬಿನಿಂದ ಇಬ್ಬರನ್ನು ಕರೆಯುತ್ತಾರಂತೆ, ನಾನು ಮತ್ತು ನಿಧಿ. ಫೈನಲ್ ಆದಮೇಲೆ ಕೋಚ್ ಹೆಸರು ಕಳಿಸುತ್ತಾರೆ. ನಿಧಿಗೆ ಇದು ಎಷ್ಟು ದೊಡ್ಡ ಆಸೆ ಎಂದರೆ, ಅಲ್ಲೇ ಹೆಂಡರ್ಸನ್‌ನಲ್ಲಿರುವ ತನ್ನ ಚಿಕ್ಕಪ್ಪನ ಮನೆಯಲ್ಲಿ ಉಳಿಯಲು ಈಗಲೇ ಹೇಳಿಟ್ಟಿದ್ದಾಳೆ. ನಮ್ಮಮ್ಮನಿಗೆ ನಾನು ಇನ್ನೂ ಹೇಳಿಲ್ಲ, ನೀವೂ ಬಾಯಿಬಿಡಬೇಡಿ.

ಬನ್ನಿ. ಆದರೆ ಮೈದಾನದಲ್ಲಿ ಕಿರುಚಬೇಡಿ.

ತಾರಾ


ಪುಕೆಕೊಹೆ
ಸೋಮವಾರ, ೨೯ ಸೆಪ್ಟೆಂಬರ್ ೨೦೨೫

ಚಿ. ತಾರಾಗೆ ಆಶೀರ್ವಾದಗಳು.

ಶನಿವಾರ ರಾತ್ರಿ ಮನೆಗೆ ಬಂದಾಗ ನಿಮ್ಮತ್ತೆಗೆ ನನ್ನ ಮುಖ ನೋಡಿಯೇ ಫೈನಲ್ ಏನಾಯಿತೆಂದು ತಿಳಿಯಿತು. ಅನ್ನ ಬಡಿಸಿದಳು.

ಅಯ್ಯೋ ತಾಯಿ, ಎಂಥಾ ಎಸೆತ ಅದು! ಐದು ಪಾಯಿಂಟ್ ಹಿಂದೆ, ಕೊನೆಯ ಆಟ, ಎದುರು ತಂಡದ ಹುಡುಗಿ ನಿನ್ನ ಮೇಲೇ ಬರುತ್ತಿದ್ದಾಳೆ, ಆದರೂ ನೀನು ಗೆರೆಯಾಚೆಗೆ ಎಸೆದೆ. ಹಿಡಿದಿದ್ದರೆ ಆರು ಪಾಯಿಂಟ್, ಕಪ್ ನಮ್ಮದು. ಆ ಉದ್ದ ಹುಡುಗಿ, ಅದೇ ನಿನ್ನ ನಿಧಿ, ಸುಮ್ಮನೆ ಓಡಿಕೊಂಡು ಹೋಗಿ ಹಿಡಿಯುವುದು ಬಿಟ್ಟು ಯಾಕೆ ಹಿಂದಕ್ಕೆ ತಿರುಗಿ ಕೈಚಾಚಿದಳೋ ದೇವರಿಗೇ ಗೊತ್ತು. ಬೆರಳಿಗೆ ಬಡಿದು ಬಿತ್ತು. ನನ್ನ ಎದೆಯೂ ಬಿತ್ತು.

ಆಮೇಲೆ ಟೆಂಟಿನಲ್ಲಿ ನಿನ್ನ ಕಣ್ಣೀರು ನೋಡಲಾಗಲಿಲ್ಲ. ನಾವಿಬ್ಬರೂ ಕನ್ನಡದಲ್ಲಿ ಅವಳಿಗೆ ಚೆನ್ನಾಗಿ ಮಂಗಳಾರತಿ ಮಾಡಿ ಮನಸ್ಸು ಹಗುರ ಮಾಡಿಕೊಂಡದ್ದು ಒಳ್ಳೆಯದೇ ಆಯಿತು. ಕೊನೆಗೆ ನೀನು ನಕ್ಕೆಯಲ್ಲ, ಅಷ್ಟು ಸಾಕು ನನಗೆ. ಈ ದೇಶದಲ್ಲಿ ನಮ್ಮ ಭಾಷೆ ಒಂದು ಬಾಗಿಲಿದ್ದ ಹಾಗೆ, ಹಾಕಿಕೊಂಡು ಏನು ಬೇಕಾದರೂ ಮಾತಾಡಬಹುದು. ಪಾಪ, ಆ ಹುಡುಗಿಯೇ ಅವರಮ್ಮನ ಫ್ಲಾಸ್ಕಿನಿಂದ ನನಗೆ ಟೀ ಬಗ್ಗಿಸಿದಳು. ಅಭ್ಯಾಸ ನೋಡು, "ಸಕ್ಕರೆ ಕಮ್ಮಿ ಇರ್ಲಿ ಕಣಮ್ಮ" ಎಂದು ಕನ್ನಡದಲ್ಲೇ ಹೇಳಿಬಿಟ್ಟೆ. ಅವಳು "ಹಿಯರ್ ಯು ಗೋ, ಅಂಕಲ್" ಎಂದು ಕೊಟ್ಟಳು. ನನ್ನ ಅದೃಷ್ಟಕ್ಕೆ ಸಕ್ಕರೆ ಕಮ್ಮಿಯೇ ಇತ್ತು.

ಮರೀನೊನನ್ನು ನೆನೆಸಿಕೋ. ಉಂಗುರವಿಲ್ಲ ಎಂದು ಅವನನ್ನು ಯಾರಾದರೂ ಸಣ್ಣವನು ಎಂದಿದ್ದಾರೆಯೇ? ತಂಡ ಸೋತಿತು, ಅವನಲ್ಲ. ನೀನೂ ಸೋತಿಲ್ಲ.

ಮಾವ


ಪುಕೆಕೊಹೆ
ಸೋಮವಾರ, ೬ ಅಕ್ಟೋಬರ್ ೨೦೨೫

ಚಿ. ತಾರಾ,

ಪತ್ರವಿಲ್ಲ. ಫೋನ್ ಮಾಡಿದರೆ "ಡ್ಯೂಟಿಯಲ್ಲಿದ್ದೀನಿ ಮಾವ" ಎನ್ನುತ್ತೀ. ದುಃಖ ಇಳಿದಿಲ್ಲ ಎಂದು ಅರ್ಥವಾಗುತ್ತದೆ. ಕೆಲ್ಲಿಯೂ ಹೀಗೇ ಬಾಗಿಲು ಹಾಕಿಕೊಂಡು ಕೂತಿರಬೇಕು.

ನಾನು ಸುಮ್ಮನೆ ಕೂರುವವನಲ್ಲ. ಬಫಲೋದವನು, ಬಾಲ್ಟಿಮೋರಿನವನು, ಮರೀನೊ, ಕೆಲ್ಲಿ, ಅವರ ಜೊತೆ ನೀನು, ಐವರನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಎಸೆದ ಚೆಂಡಿನಲ್ಲಿ ಕೈಗೆ ಸಿಕ್ಕಿದ್ದೆಷ್ಟು, ಕೈಯಿಂದ ಜಾರಿದ್ದೆಷ್ಟು ಎಂದು. ನಗಬೇಡ, ಇಡೀ ದಿನ ಈರುಳ್ಳಿಯನ್ನು ಸಣ್ಣದು ದೊಡ್ಡದು ಎಂದು ವಿಂಗಡಿಸುವ ಯಂತ್ರದ ಮುಂದೆ ನಿಲ್ಲುವವನು ನಾನು, ವಿಂಗಡಿಸದೆ ನಿದ್ದೆ ಬರುವುದಿಲ್ಲ. ನಿನಗೆ ಬೇಕಾದದ್ದು ಒಳ್ಳೆಯ ತಂಡ. ಆಕ್ಲೆಂಡಿನ ಒಂದು ಕ್ಲಬ್ಬಿನವರ ಹತ್ತಿರ ಮಾತಾಡಿದ್ದೇನೆ. ಮುಂದಿನ ವರ್ಷ ನಮ್ಮ ಮನೆಯಲ್ಲೇ ಇದ್ದು ಅಲ್ಲಿ ಆಡು. ನಿಮ್ಮತ್ತೆ ಕೋಣೆ ಖಾಲಿ ಮಾಡುತ್ತಿದ್ದಾಳೆ.

ಮಾವ


ಟೌರಂಗಾ
ಭಾನುವಾರ, ೧೨ ಅಕ್ಟೋಬರ್ ೨೦೨೫

ಮಾವ,

ಯಾವ ಕ್ಲಬ್ಬಿನವರ ಹತ್ತಿರವೂ ಮಾತಾಡಬೇಡಿ. ಅತ್ತೆಗೆ ಕೋಣೆ ಹಾಗೇ ಇರಲಿ ಎಂದು ಹೇಳಿ.

ಲೆಕ್ಕಗಳನ್ನೂ ಕಳಿಸಬೇಡಿ. ಆ ಸಾಲಿನಲ್ಲಿ ನನ್ನ ಹೆಸರು ಬೇಡ.

ಕ್ಯಾಂಪಿಗೆ ಬರುವುದಿಲ್ಲ ಎಂದು ನಿಧಿ ಕೋಚ್‌ಗೆ ಹೇಳಿದ್ದಾಳೆ. ಪ್ರಾಕ್ಟೀಸಿಗೂ ಬರುತ್ತಿಲ್ಲ.

ಕೆಲಸ ಬಹಳ ಇದೆ.

ತಾರಾ


ಪುಕೆಕೊಹೆ
ಸೋಮವಾರ, ೧೩ ಅಕ್ಟೋಬರ್ ೨೦೨೫

ಚಿ. ತಾರಾ,

ನಾಲ್ಕು ಸಾಲಾದರೂ ಬರೆದೆಯಲ್ಲ, ಸಂತೋಷ.

ನಿಧಿಯ ವಿಷಯ ಓದಿದೆ. ನನ್ನನ್ನು ಕೇಳಿದರೆ ಒಳ್ಳೆಯದೇ ಆಯಿತು. ತನ್ನ ಯೋಗ್ಯತೆ ಏನು ಎಂದು ಆ ಹುಡುಗಿಗೇ ಅರ್ಥವಾಗಿದೆ, ಮರ್ಯಾದೆಯಿಂದ ಹಿಂದೆ ಸರಿದಿದ್ದಾಳೆ. ದೇಶದ ತಂಡದಲ್ಲಾದರೂ ನಿನಗೆ ಗಟ್ಟಿ ಕೈಯವರು ಸಿಗಲಿ. ನೀನು ಅದಕ್ಕೆ ಮನಸ್ಸು ಕೆಡಿಸಿಕೊಳ್ಳಬೇಡ, ನಿನ್ನದು ಅತಿ ಮೃದು ಹೃದಯ.

ಮಾವ


ಟೌರಂಗಾ
ಭಾನುವಾರ, ೧೯ ಅಕ್ಟೋಬರ್ ೨೦೨೫

ಮಾವ,

ನಿಮ್ಮ ಪತ್ರ ಓದಿ ಫೋನನ್ನು ಸೋಫಾದ ಮೇಲೆ ಎಸೆದೆ. ಇನ್ನು ಮುಚ್ಚಿಟ್ಟರೆ ನೀವು ಇನ್ನೂ ಏನೇನು ಬರೆಯುತ್ತೀರೋ ಎಂದು ಭಯವಾಗಿ ಹೇಳುತ್ತಿದ್ದೇನೆ. ಓದಿ.

ನಿಧಿಗೆ ಕನ್ನಡ ಬರುತ್ತದೆ.

ಫೈನಲ್ ಆದ ಮುಂದಿನ ವಾರ ಅವಳು ಪ್ರಾಕ್ಟೀಸಿಗೆ ಬರಲಿಲ್ಲ, ಮೆಸೇಜಿಗೂ ಉತ್ತರವಿಲ್ಲ. ಬೀದಿ ಕೊನೆಯ ಡೈರಿ ಅಂಗಡಿಯಲ್ಲಿ ಹಾಲು ತರಲು ಹೋದಾಗ ಶ್ರೀಲಕ್ಷ್ಮಿ ಆಂಟಿ ಸಿಕ್ಕಿದರು. ಯಾವತ್ತೂ ಕೈ ಹಿಡಿದು ಮಾತಾಡಿಸುವವರು ಅವತ್ತು ಬ್ರೆಡ್ಡಿನ ಕಡೆ ತಿರುಗಿ ನಿಂತರು. ನಿಧಿಗೆ ಹುಷಾರಿಲ್ವಾ ಆಂಟಿ ಎಂದು ನಾನೇ ಕೇಳಿದೆ.

"ಹುಷಾರಾಗೇ ಇದಾಳೆ. ತಾರಾ, ಒಂದು ಮಾತು ಕೇಳ್ತೀನಿ. ನಮ್ಮ ಮನೇಲಿ ನಾವು ಯಾವ ಭಾಷೆ ಆಡ್ತೀವಿ ಅಂದ್ಕೊಂಡಿದೀಯ? ಅವಳು ಉತ್ತರ ಇಂಗ್ಲಿಷಲ್ಲಿ ಕೊಡ್ತಾಳೆ ಅಷ್ಟೆ. ಅರ್ಥ ಆಗದೆ ಇದ್ರೆ ಉತ್ತರ ಹೇಗಮ್ಮ ಕೊಡ್ತಾಳೆ?"

ನನ್ನ ಕೈಯಲ್ಲಿದ್ದ ಹಾಲಿನ ಬಾಟಲಿ ಭಾರವಾಯಿತು. ಆಂಟಿ ನಿಲ್ಲಿಸಲಿಲ್ಲ.

"ಅವತ್ತು ಮ್ಯಾಚ್ ಮುಗಿಸಿ ಮನೆಗೆ ಬಂದ್ಲು, ಸ್ನಾನ ಮಾಡಿದ್ಲು, ಊಟಕ್ಕೆ ಕೂತ್ಲು. ಅಮ್ಮ, ವಾಟ್ ಈಸ್ ಜರಡಿ ಅಂತ ಕೇಳಿದ್ಲು. ಅದೊಂದು ಪದ ಗೊತ್ತಿರ್ಲಿಲ್ಲ ಅವಳಿಗೆ. ನಾನು ಪೆದ್ದಿ, ಎದ್ದು ಹೋಗಿ ಹಿಟ್ಟು ಜರಡಿ ಹಿಡಿಯೋದನ್ನ ತಂದು ತೋರಿಸಿದೆ. ಅದನ್ನ ನೋಡಿದ ಮೇಲೆ ಅತ್ತಳು."

ನೀವು ಏನು ಹೇಳಿದಿರಿ ಎಂದು ನೆನಪಿದೆಯೆ ಮಾವ? ನನಗೆ ಅಕ್ಷರ ಅಕ್ಷರ ನೆನಪಿದೆ. "ಇವಳದ್ದು ಕೈಯೋ ಜರಡಿಯೋ? ಇಂಥವಳನ್ನ ಕಟ್ಕೊಂಡು ನೀನು ಯಾವ ಜನ್ಮಕ್ಕೆ ಕಪ್ ಗೆಲ್ತೀಯ?" ಅವಳು ನಿಮ್ಮ ಮುಂದೆ ಲೋಟ ಹಿಡಿದು ನಿಂತಿದ್ದಳು. ಸಕ್ಕರೆ ಕಮ್ಮಿಯಾದದ್ದು ನಿಮ್ಮ ಅದೃಷ್ಟದಿಂದಲ್ಲ. ನೀವು ಕೇಳಿದಿರಿ, ಅವಳು ಹಾಗೇ ಮಾಡಿಕೊಟ್ಟಳು.

ನಿಮ್ಮದಾದರೂ ಹೋಗಲಿ, ನೀವು ಅವಳನ್ನು ಅವತ್ತೇ ಮೊದಲು ನೋಡಿದ್ದು. ನಾನು ಏನೆಂದೆ? "ಏನ್ಮಾಡೋದು ಮಾವ, ಓಡಕ್ಕೊಂದು ಬರತ್ತೆ, ತಲೇಲಿ ಏನೂ ಇಲ್ಲ." ಎರಡು ವರ್ಷ ನನ್ನ ಬ್ಯಾಗು ಹೊತ್ತವಳು ಅವಳು. ಮತ್ತೆ ನಕ್ಕೆ. ನನಗೆ ನಾಚಿಕೆಯಾಗುತ್ತಿದೆ ಮಾವ. ವಾರ್ಡಿನಲ್ಲಿ ರೋಗಿಯ ಕಾಲು ಹಿಡಿದು ನಡೆಸುವಾಗಲೂ ಇದ್ದಕ್ಕಿದ್ದಂತೆ ನೆನಪಾಗಿ ಮುಖ ಬಿಸಿಯಾಗುತ್ತದೆ. ಎರಡು ಸಲ ಅವಳ ಮನೆ ಮುಂದೆ ಕಾರು ನಿಲ್ಲಿಸಿ ಇಳಿಯಲಾಗದೆ ವಾಪಸು ಬಂದೆ.

ಒಂದು ಪ್ರಶ್ನೆ. ನಾನು ಚಿಕ್ಕವಳಿದ್ದಾಗ ನೀವೇ ಹೇಳಿದ ಕತೆ. ಬಫಲೋದ ಮೊದಲ ಫೈನಲ್, ಕೊನೆಯ ಒದೆತ ಕಂಬದ ಬಲಕ್ಕೆ ಹೋಗಿ ಒಂದು ಪಾಯಿಂಟಿನಲ್ಲಿ ಸೋತದ್ದು. ಮರುದಿನ ಊರಿನವರು ಚೌಕದಲ್ಲಿ ಸೇರಿ, ಒದೆತ ತಪ್ಪಿಸಿದ ಆ ಆಟಗಾರನನ್ನೇ ಮುಂದೆ ಬಾ ಎಂದು ಹೆಸರು ಹಿಡಿದು ಕೂಗಿ ಚಪ್ಪಾಳೆ ಹೊಡೆದರಂತಲ್ಲ. ನೀವು ಆಗ ಅಲ್ಲೇ ಇದ್ದಿರಿ, ಅಲ್ಲವೆ?

ತಾರಾ


ಪುಕೆಕೊಹೆ
ಸೋಮವಾರ, ೩ ನವೆಂಬರ್ ೨೦೨೫

ಚಿ. ತಾರಾ,

ಇವತ್ತು ಆಟ ನೋಡಲಿಲ್ಲ.

ಇದ್ದೆ. ಆ ಚೌಕದಲ್ಲಿ ಹಿಮದ ಚಳಿಯಲ್ಲಿ ನಿಂತು ಅವನ ಹೆಸರು ಕೂಗಿದವರಲ್ಲಿ ನಾನೂ ಒಬ್ಬ. ಅವನು ಬಂದು ಮೈಕಿನ ಮುಂದೆ ನಿಂತಾಗ ಇನ್ನೂ ಜೋರಾಗಿ ಕೂಗಿದೆವು. ನಂತರ ಮೂವತ್ತು ವರ್ಷ ಕೆಲ್ಲಿ ಪಾಪ, ಕೆಲ್ಲಿ ಪಾಪ ಎನ್ನುತ್ತ ಅದನ್ನು ಮರೆತೇಬಿಟ್ಟಿದ್ದೆ. ಅಷ್ಟು ಜನ ಸೋತ ದಿನ ಅಷ್ಟು ದೊಡ್ಡವರಾಗಿದ್ದರು. ನಾನು ಒಂದು ಲೋಟ ಟೀ ಕುಡಿಯುವಷ್ಟರಲ್ಲಿ ಎಷ್ಟು ಸಣ್ಣವನಾದೆ ನೋಡು.

ನಿನ್ನ ಪತ್ರ ಓದಿ ನಿಮ್ಮತ್ತೆಗೆ ತೋರಿಸಿದೆ. ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ. "ನಮ್ಮ ಹುಡುಗಿಗೆ ಯಾರಾದ್ರೂ ಹೀಗಂದಿದ್ರೆ ನೀವು ಸುಮ್ನಿರ್ತಿದ್ರಾ?" ಎಂದಷ್ಟೇ ಹೇಳಿ ಒಳಗೆ ಹೋದಳು. ಅದಕ್ಕಿಂತ ಬೈದಿದ್ದರೆ ವಾಸಿಯಿತ್ತು.

ಹೋದ ವಾರ, ಲೇಬರ್ ಡೇ ರಜೆಯಲ್ಲಿ, ಕ್ಲಬ್ಬಿನವರಿಂದ ನಿಧಿಯ ವಿಳಾಸ ಪಡೆದು, ನಿನಗೆ ಹೇಳದೆ ಟೌರಂಗಾಕ್ಕೆ ಬಂದು ಹೋದೆ. ಕ್ಷಮಿಸು, ನಿನ್ನ ಮುಖ ನೋಡುವ ಧೈರ್ಯ ಇರಲಿಲ್ಲ. ಕೈಮಾಯ್ ಗುಡ್ಡ ಹತ್ತಿ ಇಳಿಯುವ ತನಕ ಇಂಗ್ಲಿಷಿನಲ್ಲಿ ಒಂದು ಕ್ಷಮಾಪಣೆ ಬಾಯಿಪಾಠ ಮಾಡಿದೆ. ಆಫೀಸಿನಲ್ಲಿ ಕೇಳುವಂಥ ಒಳ್ಳೆಯ ಇಂಗ್ಲಿಷು.

ನಿಧಿ ಅಂಗಳದಲ್ಲಿ ಅವರಪ್ಪನ ಯೂಟ್ ಗಾಡಿ ತೊಳೆಯುತ್ತಿದ್ದಳು. ನನ್ನನ್ನು ನೋಡಿ ನೀರಿನ ಪೈಪು ಕೆಳಗಿಟ್ಟಳು. ನಾನು ಬಾಯಿಪಾಠ ಮಾಡಿದ್ದನ್ನು ಶುರು ಮಾಡಿದೆ. ಎರಡು ವಾಕ್ಯ ಕೇಳಿದಳು. ಆಮೇಲೆ ನಿಧಾನವಾಗಿ, ಪದ ಪದ ಹುಡುಕಿಕೊಂಡು ಹೇಳಿದಳು.

"ಅಂಕಲ್, ಬೈದಿದ್ದು ಕನ್ನಡದಲ್ಲಿ ತಾನೆ? ಸಾರಿನೂ ಕನ್ನಡದಲ್ಲೇ ಹೇಳಿ."

ತಾರಾ, ನಾನು ಕನ್ನಡ ಸಂಘದಲ್ಲಿ ರಾಜ್ಯೋತ್ಸವಕ್ಕೆ ಭಾಷಣ ಮಾಡುವವನು. ನಿನಗೆ ಕನ್ನಡ ಉಳಿಸಿಕೊಟ್ಟೆ ಎಂದು ಎದೆ ಉಬ್ಬಿಸಿಕೊಂಡು ತಿರುಗುವವನು. ಆ ಹುಡುಗಿಯ ಮುಂದೆ ನಾಲಿಗೆ ಹೊರಳಲಿಲ್ಲ. ಬೈಯುವಾಗ ಎಷ್ಟು ಸಲೀಸಾಗಿ ಬಂದಿತ್ತು! ಕೊನೆಗೆ "ತಪ್ಪಾಯ್ತು ಕಣಮ್ಮ, ನನ್ನಿಂದ ದೊಡ್ಡ ತಪ್ಪಾಯ್ತು" ಎಂದೆ. ಕಣ್ಣಲ್ಲಿ ನೀರು ಬಂತು, ಮುಚ್ಚಿಡುವುದೇಕೆ.

ಅವಳು "ಓಕೆ" ಎಂದಳು. ಪರವಾಗಿಲ್ಲ ಎನ್ನಲಿಲ್ಲ, ಒಳಗೆ ಬನ್ನಿ ಎನ್ನಲಿಲ್ಲ. ಯಾಕೆ ಎನ್ನಬೇಕು? ಕ್ಯಾಂಪಿಗೆ ಹೋಗಮ್ಮ ಎಂದು ಬೇಡಿಕೊಂಡೆ. ಆ ಜಾಗವನ್ನು ಹ್ಯಾಮಿಲ್ಟನ್ನಿನ ಒಬ್ಬ ಹುಡುಗಿಗೆ ಕೊಟ್ಟಾಗಿದೆಯಂತೆ. ಇನ್ನು ಮುಂದಿನ ಕ್ಯಾಂಪ್ ಯಾವಾಗಲೋ. ಅವಳ ಒಂದು ಆಸೆಯನ್ನು ನಾನು ಬಾಯಿಚಪಲಕ್ಕೆ ತಿಂದುಹಾಕಿದೆ.

ಕಾರು ಹತ್ತುವಾಗ ಅವಳೇ ಹಿಂದೆ ಬಂದಳು. ಒಂದೇ ಮಾತು ಕೇಳಿದಳು. ಅದನ್ನು ನಿನಗೇ ಕಳಿಸುತ್ತಿದ್ದೇನೆ.

"ತಾರಾ ಯಾಕೆ ಬರ್ಲಿಲ್ಲ?"

ಮಾವ


ಟೌರಂಗಾ
ಭಾನುವಾರ, ೯ ನವೆಂಬರ್ ೨೦೨೫

ಮಾವ,

ಹೋದೆ. ಬುಧವಾರ ಡ್ಯೂಟಿ ಮುಗಿಸಿ ಯೂನಿಫಾರ್ಮಿನಲ್ಲೇ ಹೋದೆ, ಮನೆಗೆ ಹೋಗಿ ಬಟ್ಟೆ ಬದಲಿಸಿದರೆ ಮನಸ್ಸೂ ಬದಲಾಗುತ್ತದೆ ಎಂದು. ಶ್ರೀಲಕ್ಷ್ಮಿ ಆಂಟಿ ಬಾಗಿಲು ತೆಗೆದು ಒಳಗೆ ಕರೆದರು. ನಿಧಿ ಹಿತ್ತಿಲ ಮೆಟ್ಟಿಲ ಮೇಲೆ ಕೂತಿದ್ದಳು. ನಾನೂ ಪಕ್ಕದಲ್ಲಿ ಕೂತೆ.

ಟೆಂಟಿನಲ್ಲಿ ಆಡಿದ ಮಾತಿಗೆ ತಪ್ಪಾಯ್ತು ಎಂದೆ. ಅದು ಅಷ್ಟು ಕಷ್ಟವಾಗಲಿಲ್ಲ. ಅದಕ್ಕಿಂತ ಕಷ್ಟದ್ದೊಂದು ಇತ್ತು, ಅದನ್ನು ನಿಮಗೂ ಹೇಳಿರಲಿಲ್ಲ. ನೀವು ಹೊಗಳಿದಿರಲ್ಲ, ಆ ಎಸೆತ, ಅದು ಕೆಟ್ಟ ಎಸೆತ ಮಾವ. ಚೆಂಡನ್ನು ಅವಳು ಓಡುವ ಕಡೆ ಮುಂದಕ್ಕೆ ಎಸೆಯಬೇಕು. ಮೈಮೇಲೆ ಬರುತ್ತಿದ್ದವಳನ್ನು ನೋಡಿ ಹೆದರಿ ತಡಮಾಡಿದೆ, ಚೆಂಡು ನಿಧಿಯ ಬೆನ್ನ ಹಿಂದೆ ಹೋಯಿತು. ಅದಕ್ಕೇ ಅವಳು ತಿರುಗಿದ್ದು. ಚೆಂಡು ನನ್ನ ಕೈಬಿಟ್ಟ ಕ್ಷಣವೇ ನನಗೆ ಗೊತ್ತಾಗಿತ್ತು. ಗೊತ್ತಿದ್ದೂ ಟೆಂಟಿನಲ್ಲಿ ನೀವು ಬೈಯುವಾಗ ಸುಮ್ಮನಿದ್ದೆ, ಬಾಯಿ ಸೇರಿಸಿದೆ. ನಿಮ್ಮ ಮರೀನೊ, ಕೆಲ್ಲಿಯರ ಸಾಲಿನಲ್ಲಿ ಕೂರಲು ಅಷ್ಟು ಹಿತವಾಗಿತ್ತು.

ಇದನ್ನೆಲ್ಲ ನಿಧಿಗೆ ಹೇಳಿದೆ. "ಗೊತ್ತು" ಎಂದಳು.

"ಯಾವಾಗಿಂದ?"

"ಅವತ್ತಿಂದ. ಹಿಡಿಯೋಳು ನಾನು, ಬಾಲ್ ಎಲ್ಲಿಗೆ ಬಂತು ಅಂತ ನಂಗೆ ಗೊತ್ತಾಗಲ್ವಾ?"

ಆಮೇಲೆ ಅವಳು ಇನ್ನೊಂದು ವಿಷಯ ಹೇಳಿದಳು. ಆಟ ಮುಗಿದ ಕೂಡಲೇ, ನಾವು ಟೆಂಟಿಗೆ ಬರುವ ಮೊದಲೇ, ಕೋಚ್ ಅವಳನ್ನು ಕರೆದು ಎಸೆತ ತಪ್ಪಿತ್ತಾ ಎಂದು ಕೇಳಿದರಂತೆ. ಇಲ್ಲ, ನನ್ನ ಕೈ ಜಾರಿತು ಎಂದಳಂತೆ. "ನೀನು ಅಳ್ತಿದ್ದೆ. ಕ್ಯಾಂಪಿಗೆ ಹೆಸರು ಕಳ್ಸೋ ಟೈಮು. ನೀನು ಕ್ಯಾಪ್ಟನ್, ನಿನ್ ಹೆಸರು ಹೋಗ್ಲಿ ಅಂದ್ಕೊಂಡೆ."

ನಾವು ಅವಳನ್ನು ಜರಡಿ, ತಲೆಯಿಲ್ಲದವಳು ಎಂದು ನಗುವ ಹೊತ್ತಿಗೆ ಅವಳು ನನ್ನ ತಪ್ಪನ್ನು ತನ್ನ ತಲೆ ಮೇಲೆ ಹಾಕಿಕೊಂಡಾಗಿತ್ತು ಮಾವ.

ಗುರುವಾರ ಪ್ರಾಕ್ಟೀಸಿನಲ್ಲಿ ಎಲ್ಲರ ಮುಂದೆ ಹೇಳಿಬಿಟ್ಟೆ. ನನ್ನ ಜಾಗ ನಿಧಿಗೆ ಕೊಡಿ ಎಂದು ಕೋಚ್‌ಗೆ ಹೇಳಿದೆ. ಎಸೆಯುವವಳ ಜಾಗಕ್ಕೆ ಹಿಡಿಯುವವಳನ್ನು ಕಳಿಸಲು ಬರುವುದಿಲ್ಲ, ಹೋಗುವುದು ಬಿಡುವುದು ನಿನಗೆ ಸೇರಿದ್ದು ಎಂದರು. ಬಿಡುತ್ತೇನೆ ಎಂದು ತೀರ್ಮಾನ ಮಾಡಿ, ಅದನ್ನು ಹೇಳಲು ನಿನ್ನೆ ಮತ್ತೆ ನಿಧಿಯ ಮನೆಗೆ ಹೋದೆ. ಅದರಿಂದ ನನ್ನ ನಾಚಿಕೆ ಸ್ವಲ್ಪವಾದರೂ ಇಳಿಯುತ್ತದೆ ಎಂದುಕೊಂಡಿದ್ದೆ.

ನಾನು ಹೇಳಿದ್ದನ್ನು ಕೇಳಿ ನಿಧಿ ನನ್ನನ್ನು ನೋಡಿದಳು. ಸಿಟ್ಟು ಬಂದಿತ್ತು, ಅವಳ ಸಿಟ್ಟನ್ನು ನಾನು ಮೊದಲ ಸಲ ನೋಡಿದ್ದು.

"ಕ್ಯಾಂಪಿಗೆ ಹೋಗು" ಎಂದಳು. "ಇಲ್ಲಾಂದ್ರೆ ನಾನು ಹೇಳಿದ ಸುಳ್ಳೂ ದಂಡ."

ತಾರಾ